ಪೂಜೆಗೆ ಮುಂಚೆ ನೋಡಿ: ಹೊಸ ಟ್ರ್ಯಾಕ್ಟರ್ ಅಂತ ಕೊಟ್ಟಿದ್ದು ನಿಜವಾಗ್ಲೂ ಹೊಸದಾ?

ನಮ್ಮದು ಎರೆ ಹೊಲ, ಊರಲ್ಲಿ ಎಲ್ಲಿ ಅಗೆದ್ರೂ ಕಪ್ಪು ಮಣ್ಣೇ. ಅಂಥಾದ್ರಲ್ಲಿ ಶೋರೂಮಿಂದ ಬಂದು ಇನ್ನೂ ಹೊಲಕ್ಕೇ ಇಳೀದಿದ್ದ ನಮ್ಮ ಹೊಸ ಟ್ರ್ಯಾಕ್ಟರಿನ ಹಿಂದಿನ ಹುಕ್ ಬಿಚ್ಚಿದಾಗ ಸಂದಿಯಿಂದ ಒಣಗಿದ ಕೆಂಪು ಮಣ್ಣು ಹೆಂಟೆ ಹೆಂಟೆಯಾಗಿ ಉದುರ್ತು. ಅಣ್ಣ ಸ್ಪ್ಯಾನರ್ ಕೈಲಿ ಹಿಡ್ಕೊಂಡು ಹಂಗೇ ನಿಂತ್ಬಿಟ್ಟ. ಆರು ವರ್ಷದ ಸಾಲ ಮಾಡಿ ತಂದಿದ್ದು, ಮನೆ ಮಂದಿಯೆಲ್ಲ ಹೋಗಿ ಕಾಯಿ ಒಡೆದು ನಿಂಬೆಹಣ್ಣು ಇಟ್ಟು ಓಡ್ಸ್ಕೊಂಡು ಬಂದಿದ್ದು. ಕೇಳಿದ್ರೆ ಡೀಲರ್ ಹೇಳಿದ್ದು "ಯಾರ್ಡಲ್ಲಿ ಅಲ್ಲಿಂದಿಲ್ಲಿಗೆ ಓಡ್ಸಿರ್ತಾರೆ ಯಜಮಾನ್ರೇ, ಅದೆಲ್ಲ ಕಾಮನ್ನು" ಅಂತ. ಯಾರ್ಡಲ್ಲಿ ಓಡ್ಸಿದ್ರೆ ಹುಕ್ಕಿನ ಸಂದೀಲಿ ಹೊಲದ ಮಣ್ಣು ಎಲ್ಲಿಂದ ಬರುತ್ತೆ?

ಆಮೇಲೆ ನಾಕು ಜನ ಮೆಕ್ಯಾನಿಕ್‌ಗಳ ಹತ್ರ ಕೂತು ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ, ನಿಮಗಾದ್ರೂ ಮುಂಚೆನೇ ಗೊತ್ತಾಗ್ಲಿ ಅಂತ.

ಇಂಥ ಗಾಡಿ ಹೊಸದರ ಸಾಲಲ್ಲಿ ಬಂದು ನಿಲ್ಲೋಕೆ ದಾರಿ ಸುಮಾರಿದೆ. ಹಳ್ಳಿ ಹಳ್ಳಿಗೆ ಡೆಮೊಗೆ ಹೋಗಿರುತ್ತೆ, ಸೆಪ್ಟೆಂಬರಲ್ಲಿ ಧಾರವಾಡದ ಕೃಷಿ ಮೇಳ, ನವೆಂಬರಲ್ಲಿ ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಮೇಳ ಹಿಂಗೆ ಸುತ್ತಿ ಬಂದಿರಬಹುದು, ಇಲ್ಲಾಂದ್ರೆ ಯಾರೋ ತಗೊಂಡು ಹದಿನೈದು ದಿನ ದುಡಿಸಿ ಲೋನ್ ಆಗ್ಲಿಲ್ಲ ಅಂತ ವಾಪಸ್ ಬಿಟ್ಟಿರ್ತಾರೆ. ಡೆಮೊ ಗಾಡಿ ಕೆಟ್ಟ ಗಾಡಿ ಅಂತ ನಾನು ಹೇಳ್ತಿಲ್ಲ. ಹೇಳಿ, ರೇಟ್ ಇಳಿಸಿ ಕೊಟ್ರೆ ಅದು ವ್ಯಾಪಾರ, ತೊಳೆದು ಪಾಲಿಶ್ ಹೊಡೆದು ಪೂರ್ತಿ ರೇಟಿಗೆ ಹೊಸದು ಅಂತ ಕೊಟ್ರೆ ಅದು ಮೋಸ.

ಮೊದಲನೇ ಮಾತು, ನೋಡೋಕೆ ಹೋಗೋ ದಿನ ಬೇರೆ, ಪೂಜೆ ದಿನ ಬೇರೆ ಇಟ್ಕೊಳ್ಳಿ. ಯುಗಾದಿ, ಆಯುಧ ಪೂಜೆ ದಿನ ಶೋರೂಮ್ ಮುಂದೆ ಹತ್ತು ಗಾಡಿ ಹಾರ ಹಾಕ್ಕೊಂಡು ನಿಂತಿರ್ತವೆ, ಹೆಂಗಸರು ಮಕ್ಕಳು ಆರತಿ ಹಿಡ್ಕೊಂಡಿರ್ತಾರೆ, ಆ ಟೈಮಲ್ಲಿ ನೀವು ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಡೋಕಾಗಲ್ಲ. ಎರಡು ದಿನ ಮುಂಚೆ ಹಗಲು ಹೊತ್ತಲ್ಲಿ, ಟ್ರ್ಯಾಕ್ಟರ್ ಓಡ್ಸಿ ಪಳಗಿರೋ ಒಬ್ಬರನ್ನ ಕರ್ಕೊಂಡು ಹೋಗಿ, "ನಮಗೆ ಕೊಡೋ ಗಾಡಿ ಯಾವುದು ತೋರ್ಸಿ" ಅಂತ ಕೇಳಿ, ಚಾಸಿ ನಂಬರ್, ಎಂಜಿನ್ ನಂಬರ್ ಫೋಟೋ ತಕ್ಕೊಳ್ಳಿ. ಡೆಲಿವರಿ ದಿನ ಅದೇ ನಂಬರಿನ ಗಾಡಿ ಬರ್ಬೇಕು. ನಿಮ್ಮ ಕೈಯಿಂದ ಕೊಡೋ ದುಡ್ಡಲ್ಲಿ ಸ್ವಲ್ಪ ಬಾಕಿ ಅಲ್ಲೀವರೆಗೂ ಇಟ್ಕೊಂಡಿರಿ, ಬ್ಯಾಂಕಿಗೂ ನಾನು ಗಾಡಿ ನೋಡಿ ಹೇಳ್ತೀನಿ ಸರ್, ಆಮೇಲೆ ದುಡ್ಡು ಬಿಡಿ ಅಂತ ಮುಂಚೆನೇ ಹೇಳಿಡಿ.

ಎಲ್ರೂ ಮೊದಲು ನೋಡೋದು ಅವರ್ ಮೀಟರ್, ಅಂದ್ರೆ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರ್ಸೋ ಮೀಟರ್. ನೋಡಿ, ಆದ್ರೆ ಅದೊಂದನ್ನೇ ನಂಬ್ಕೋಬೇಡಿ. ಫ್ಯಾಕ್ಟರೀಲಿ ಟೆಸ್ಟು, ಲಾರಿಗೆ ಹತ್ತಿಸೋದು ಇಳಿಸೋದು ಅಂತ ಒಂದೆರಡು ಗಂಟೆ ಆಗಿರುತ್ತೆ, ಐದರ ತನಕನೂ ಒಪ್ಕೋಬಹುದು, ಹತ್ತು ದಾಟಿದ್ರೆ ಯಾಕೆ ಅಂತ ಕೇಳ್ಬೇಕು, ಇಪ್ಪತ್ತು ದಾಟಿದ್ರೆ ಯಾರ್ಡಿನ ಕಥೆ ಒಪ್ಪಬೇಡಿ. ಹಳೇ ಮಾದರಿ ಮುಳ್ಳಿನ ಮೀಟರಿರೋ ಗಾಡೀಲಿ ಎಂಜಿನ್ನಿಂದ ಮೀಟರಿಗೆ ಒಂದು ಕೇಬಲ್ ಬರುತ್ತೆ, ಆ ಕೇಬಲ್ ಬಿಚ್ಚಿಟ್ರೆ ದಿನಪೂರ್ತಿ ಉಳುಮೆ ಮಾಡಿದ್ರೂ ಗಂಟೆ ಏರಲ್ಲ. ನಮ್ಮ ಗಾಡೀಲಿ ಮೀಟರ್ ತೋರಿಸ್ತಿದ್ದಿದ್ದು 3 ಗಂಟೆ! ಕೇಬಲ್ಲಿನ ನಟ್ ಮೇಲೆ ಮಾತ್ರ ಇಕ್ಕಳ ಕಚ್ಚಿದ ಗುರುತು ಎದ್ದು ಕಾಣ್ತಿತ್ತು, ನಾವು ನೋಡ್ಲಿಲ್ಲ.

ಮೀಟರ್ ಸುಳ್ಳು ಹೇಳಬಹುದು, ಗಾಡಿ ಹಿಂಭಾಗ ಹೇಳಲ್ಲ. ಕೆಲಸ ಆಗೋದೆಲ್ಲ ಅಲ್ಲೇ ತಾನೆ. ಎರಡು ಲೋಯರ್ ಲಿಂಕಿನ (ನೇಗಿಲು ಕಟ್ಟೋ ಕೆಳಗಿನ ತೋಳುಗಳ) ತುದೀಲಿರೋ ಗುಂಡು ನೋಡಿ, ಪಿನ್ ಹೋಗೋ ತೂತಿನ ಒಳಗಡೆ ಬೆರಳು ಹಾಕಿ. ನೇಗಿಲೋ, ಮಣ್ಣು ಪುಡಿ ಮಾಡೋ ರೋಟವೇಟರೋ ಒಂದು ಸಲ ಕಟ್ಟಿದ್ರೂ ಅಲ್ಲಿನ ಬಣ್ಣ ಕಿತ್ತು ಕಬ್ಬಿಣ ಬೆಳ್ಳಗೆ ಹೊಳೀತಿರುತ್ತೆ. ಟ್ರೇಲರ್ ಎಳೆದಿದ್ರೆ ಹುಕ್ಕಿನ ಒಳಮೈ ಸವೆದಿರುತ್ತೆ, ಅದರ ಮೇಲೆ ಕಪ್ಪು ಪೇಂಟ್ ಹೊಡೆದಿದ್ರೂ ಉಗುರಲ್ಲಿ ಕೆರೆದ್ರೆ ಪುಡಿಪುಡಿ ಬರುತ್ತೆ. ಆಮೇಲೆ ಪಿಟಿಒ ಶಾಫ್ಟಿನ (ಎಂಜಿನ್ನಿನ ತಿರುಗು ಶಕ್ತೀನ ರೋಟವೇಟರಿಗೆ ಕೊಡೋ ಹಿಂದಿನ ಹಲ್ಲಿನ ರಾಡಿನ) ಕ್ಯಾಪ್ ತೆಗೆಸಿ, ಇದನ್ನ ಮರೀಲೇಬೇಡಿ. ಮುಟ್ಟದೇ ಇರೋ ಶಾಫ್ಟಿನ ಹಲ್ಲಿನ ಮೇಲೆ ಬಣ್ಣನೋ ತುಕ್ಕು ಹಿಡೀದಿರೋಕೆ ಬಳಿದ ಗ್ರೀಸೋ ಒಂದೇ ಸಮ ಇರುತ್ತೆ. ರೋಟವೇಟರ್ ಓಡ್ಸಿದ್ರೆ ಪ್ರತಿ ಹಲ್ಲಿನ ಒಂದೇ ಕಡೆ ಮೈ ಉಜ್ಜಿ ಮಿರಮಿರ ಅಂತಿರುತ್ತೆ, ಇನ್ನೊಂದು ಕಡೆ ಹಂಗೇ ಇರುತ್ತೆ, ಯಾಕಂದ್ರೆ ಶಾಫ್ಟ್ ತಿರುಗೋದು ಒಂದೇ ದಿಕ್ಕಿಗೆ, ಒತ್ತಡ ಬೀಳೋದೂ ಒಂದೇ ಮಗ್ಗುಲಿಗೆ. ನಮ್ಮದು ಹಂಗೇ ಇತ್ತು, ಕ್ಯಾಪ್ ತೆಗೆದು ನೋಡೋಕೆ ಅರ್ಧ ನಿಮಿಷ ಸಾಕಿತ್ತು.

ಟೈರಲ್ಲಿ ಎರಡು ವಿಷಯ. ಹೊಸ ಟೈರಿನ ಮೈಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಎದ್ದಿರ್ತವೆ, ಹಲ್ಲಿನ ಅಂಚು ಚೂಪಾಗಿರುತ್ತೆ, ಡಾಂಬರ್ ರೋಡಲ್ಲಿ ಓಡಿದ್ರೆ ಮೊದಲು ಹೋಗೋದು ಇವೇ. ಎರಡನೇದು ಟೈರಿನ ಪಕ್ಕದಲ್ಲಿ ನಾಕು ಅಂಕಿ ಒತ್ತಿರೋದು, 2325 ಅಂತಿದ್ರೆ 2025ರ 23ನೇ ವಾರ ಮಾಡಿದ ಟೈರು ಅಂತ ಅರ್ಥ. ಗಾಡಿ ತಯಾರಾದ ತಿಂಗಳಿಗಿಂತ ಟೈರು ಒಂದೆರಡು ತಿಂಗಳು ಹಳೇದಾಗಿದ್ರೆ ಅದು ಸಹಜ. ಗಾಡಿಗಿಂತ ಟೈರೇ ಹೊಸದಾಗಿದ್ರೆ? ಆಗ ಟೈರ್ ಬದಲಾಯಿಸಿದಾರೆ ಅಂತ, ಯಾಕೆ ಬದಲಾಯಿಸಿದ್ರು ಅಂತ ಅವರೇ ಹೇಳ್ಬೇಕು. ನಾಕೂ ಟೈರಿನ ಅಂಕಿ ಬರ್ಕೊಳ್ಳಿ, ಒಂದರದ್ದು ನೋಡಿ ಬಿಡಬೇಡಿ.

ಇನ್ನು ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿದ್ಯಾ, ಬೋಲ್ಟ್ ತಲೆ ಮೇಲಿನ ಬಣ್ಣ ಸ್ಪ್ಯಾನರ್ ಹಾಕಿ ಕಿತ್ತಿದ್ಯಾ, ರೇಡಿಯೇಟರ್ ಜಾಲರೀಲಿ ಹೊಟ್ಟು ಕಸ ಸಿಕ್ಕಿದ್ಯಾ, ಏರ್ ಕ್ಲೀನರ್ ಬಿಚ್ಚಿದ್ರೆ ಧೂಳಿದ್ಯಾ ನೋಡಿ. ಮತ್ತೆ ಪೇಂಟ್ ಹೊಡೆದಿದಾರಾ ಅಂತ ತಿಳೀಬೇಕಂದ್ರೆ ಗ್ರೀಸ್ ನಿಪ್ಪಲ್, ವೈರು, ರಬ್ಬರ್ ಪೈಪಿನ ಮೇಲೆ ಬಣ್ಣ ಸಿಡಿದಿದ್ಯಾ ನೋಡಿ. ಸೈಲೆನ್ಸರ್ ಬುಡದಲ್ಲಿ ಬಣ್ಣ ಸುಟ್ಟಿರೋದನ್ನ ಮಾತ್ರ ದೊಡ್ಡದು ಮಾಡಬೇಡಿ, ಅದು ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಟ್ರೂ ಸುಡುತ್ತೆ. ಕೆಸರುಗದ್ದೇಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಓಡ್ಸಿದ ಗಾಡಿ ಆದ್ರೆ ಆಕ್ಸಲ್ ಮೇಲ್ಭಾಗದಲ್ಲಿ, ಮಡ್‌ಗಾರ್ಡ್ ಒಳಮೈಯಲ್ಲಿ ಒಣಗಿದ ಕೆಸರು ಎಷ್ಟು ತೊಳೆದ್ರೂ ಎಲ್ಲೋ ಒಂದ್ಕಡೆ ಉಳ್ಕೊಂಡಿರುತ್ತೆ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ.

ರೋಟವೇಟರ್ ತಗೊಳ್ಳೋದಾದ್ರೆ ಬ್ಲೇಡ್ ನೋಡಿ ಮೋಸ ಹೋಗಬೇಡಿ, ಬ್ಲೇಡ್ ಬದಲಾಯಿಸೋದು ಒಂದು ಗಂಟೆ ಕೆಲಸ. ಹಿಂದಿನ ತಗಡಿನ ಮುಚ್ಚಳ ಎತ್ತಿ ಅದರ ಒಳಮೈ ನೋಡಿ, ಕಲ್ಲು ಮಣ್ಣು ಬಡಿದು ಗೀರು ತಗ್ಗು ಬಿದ್ದಿರುತ್ತೆ, ಅದನ್ನ ಬದಲಾಯಿಸೋಕೆ ಯಾರೂ ಹೋಗಲ್ಲ. ಸಬ್ಸಿಡೀಲಿ ರೈತ ಸಂಪರ್ಕ ಕೇಂದ್ರದ ಮೂಲಕ ತಗೊಂಡ್ರೂ ಇದೇ ಲೆಕ್ಕ, ಸರ್ಕಾರದ ಸ್ಕೀಮು ಅಂತ ಸಂಕೋಚ ಪಟ್ಕೊಂಡು ಸುಮ್ನಿರಬೇಡಿ, ನೀವು ಕಟ್ಟಿರೋ ಪಾಲೂ ದುಡ್ಡೇ. ಕಳೆ ಕತ್ತರಿಸೋ ಮಿಷನ್ನು, ಪೆಟ್ರೋಲ್ ಸ್ಪ್ರೇಯರ್ ಇಂಥವಕ್ಕೆ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ಕಪ್ಪಗೆ ಮಸಿ ಹಿಡಿದಿದ್ರೆ ಓಡ್ಸಿದಾರೆ ಅಂತಾನೇ.

ಕಾಗದಕ್ಕೆ ಬರೋಣ. ಫಾರಂ 21 ಅಂದ್ರೆ ಡೀಲರ್ ಕೊಡೋ ಮಾರಾಟದ ಸರ್ಟಿಫಿಕೇಟು, ಅದರಲ್ಲಿ ತಯಾರಾದ ತಿಂಗಳು ವರ್ಷ ಇರುತ್ತೆ. ಫಾರಂ 22 ಕಂಪನಿ ಕೊಡೋದು. ಎರಡರಲ್ಲೂ ಇರೋ ಚಾಸಿ ನಂಬರ್, ಗಾಡಿ ಮೇಲೆ ಕೊರೆದಿರೋ ನಂಬರ್, ಬಿಲ್ಲಿನ ನಂಬರ್ ಎಲ್ಲಾ ಒಂದೇ ಇರ್ಬೇಕು. ಕಂಪನಿ ಟೋಲ್ ಫ್ರೀ ನಂಬರಿಗೆ ಫೋನ್ ಹಾಕಿ ಚಾಸಿ ನಂಬರ್ ಹೇಳಿ, ಈ ಗಾಡಿ ಮುಂಚೆನೇ ಯಾರ ಹೆಸರಿಗಾದ್ರೂ ಮಾರಾಟ ಅಂತ ಎಂಟ್ರಿ ಆಗಿದ್ಯಾ, ವಾರಂಟಿ ಶುರುವಾಗಿದ್ಯಾ ಅಂತ ಕೇಳಿ. ತಿಂಗಳ ಟಾರ್ಗೆಟ್ಟಿಗೋಸ್ಕರ ಬಿಲ್ ಹೊಡೆದು ಯಾರ್ಡಲ್ಲೇ ನಿಲ್ಸಿದ ಗಾಡಿ ಆದ್ರೆ ಒಂದಿಂಚೂ ಓಡದೆ ವಾರಂಟಿ ತಿಂಗಳುಗಟ್ಟಲೆ ಕರಗಿರುತ್ತೆ. ಜಿಎಸ್‌ಟಿನೂ ನೋಡ್ಕೊಳ್ಳಿ, ಟ್ರ್ಯಾಕ್ಟರಿಗೆ 2025ರ ಸೆಪ್ಟೆಂಬರ್ 22ರಿಂದ 12% ಇದ್ದಿದ್ದು 5% ಆಗಿದೆ, ಸ್ಟಾಕ್ ಹಳೇದಾದ್ರೂ ಈಗ ಮಾಡೋ ಬಿಲ್ಲಿಗೆ ಹೊಸ ರೇಟೇ. ಇನ್ನೊಂದು, ಟೆಂಪರರಿನೋ ಪರ್ಮನೆಂಟೋ ರಿಜಿಸ್ಟ್ರೇಶನ್ ಆಗದೆ ಡೀಲರ್ ಗಾಡಿ ಕೈಗೆ ಕೊಡೋ ಹಾಗೇ ಇಲ್ಲ, ಕೇಂದ್ರ ಮೋಟಾರು ವಾಹನ ನಿಯಮ 42ರಲ್ಲೇ ಇದೆ, "ನಂಬರ್ ಆಮೇಲೆ ನೋಡೋಣ" ಅಂದ್ರೆ ಒಪ್ಪಬೇಡಿ.

ಡೆಲಿವರಿ ಚಲನ್ ಮೇಲೆ "ಸುಸ್ಥಿತಿಯಲ್ಲಿ ಪಡೆದಿದ್ದೇನೆ" ಅಂತ ಪ್ರಿಂಟ್ ಆಗಿರುತ್ತೆ, ನಮ್ಮಣ್ಣ ಸೈನ್ ಹಾಕಿ ಸಿಕ್ಕಾಕ್ಕೊಂಡಿದ್ದು ಅಲ್ಲೇ. ನೀವು ಸೈನ್ ಮಾಡೋಕ್ ಮುಂಚೆ ಪಕ್ಕದಲ್ಲಿ ಪೆನ್ನಲ್ಲಿ ಅವತ್ತಿನ ಮೀಟರ್ ಗಂಟೆ, ನಾಕು ಟೈರಿನ ಅಂಕಿ ಬರೆದು ಅದರದ್ದೊಂದು ಫೋಟೋ ತಕ್ಕೊಳ್ಳಿ, ಎರಡು ನಿಮಿಷದ ಕೆಲಸ. ಬಿಲ್ ಮೇಲೆ "ಹೊಸ ಟ್ರ್ಯಾಕ್ಟರ್" ಅಂತಾನೂ ಬರೆಸ್ಕೊಳ್ಳಿ.

ಮನೆಗೆ ಬಂದ್ಮೇಲೆ ಗೊತ್ತಾದ್ರೆ ಮೊದಲು ಕೆಲಸ ನಿಲ್ಸಿ. ಸಿಟ್ಟಲ್ಲಿ ಹೊಲಕ್ಕೆ ಇಳಿಸಿದ್ರೆ "ನೀವೇ ಓಡ್ಸಿದ್ದು" ಅಂತಾರೆ, ಆಗ ಉತ್ತರ ಇರಲ್ಲ. ತೊಳೀಬೇಡಿ, ವಿಡಿಯೋ ಮಾಡಿ, ಮೀಟರ್ ಮತ್ತು ಚಾಸಿ ನಂಬರ್ ಒಂದೇ ವಿಡಿಯೋದಲ್ಲಿ ಬರ್ಲಿ. ಡೀಲರಿಗೂ ಕಂಪನಿಗೂ ಸ್ಪೀಡ್ ಪೋಸ್ಟಲ್ಲಿ ದೂರು ಕಳ್ಸಿ, ಫೋನಲ್ಲಿ ಜಗಳ ಆಡಿದ್ದು ಲೆಕ್ಕಕ್ಕೆ ಬರಲ್ಲ. 1915 ಗ್ರಾಹಕ ಸಹಾಯವಾಣಿಗೂ ಹೇಳಿ. ಹಳೇ ಇಲ್ಲಾ ಸೆಕೆಂಡ್ ಹ್ಯಾಂಡ್ ಮಾಲನ್ನ ಹೊಸದು ಅಂತ ಹೇಳಿ ಮಾರೋದು ಅನುಚಿತ ವ್ಯಾಪಾರ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(47)ರಲ್ಲಿ ನೇರವಾಗಿ ಬರೆದಿದೆ. ರೈತರು ಗ್ರಾಹಕರಲ್ಲ ಅಂತ ಯಾರಾದ್ರೂ ಹೆದರಿಸಿದ್ರೆ, ಬೀಜದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ರೈತರು ಗ್ರಾಹಕರು ಅಂತ ಹೇಳಿಯಾಗಿದೆ. ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸ್ ಹಾಕಬಹುದು, ಡೀಲರ್ ಬೇರೆ ಜಿಲ್ಲೇಲಿದ್ರೂ ಪರವಾಗಿಲ್ಲ, ಎರಡು ವರ್ಷದೊಳಗೆ ಹಾಕ್ಬೇಕು, 5 ಲಕ್ಷದ ಮೇಲೆ 10 ಲಕ್ಷದ ತನಕದ ಮಾಲಿಗೆ ಫೀಸು 200 ರೂಪಾಯಿ ಅಷ್ಟೇ, ವಕೀಲರು ಇರ್ಲೇಬೇಕು ಅಂತಿಲ್ಲ.

ನಮ್ಮದು ಕೇಸಿನ ತನಕ ಹೋಗ್ಲಿಲ್ಲ. ಪೋಸ್ಟಲ್ಲಿ ದೂರು ಹೋದ್ಮೇಲೆ ಕಂಪನಿಯವರು ಒಬ್ರು ಬಂದು ಪಿಟಿಒ ಕ್ಯಾಪ್ ತೆಗೆದು ನೋಡಿದ್ರು, ಏನೂ ಮಾತಾಡ್ಲಿಲ್ಲ, ಮೂರು ತಿಂಗಳು ಓಡಾಡಿದ್ಮೇಲೆ ಡೀಲರ್ 40 ಸಾವಿರ ವಾಪಸ್ ಕೊಟ್ರು. ಅಷ್ಟರಲ್ಲಿ ಮುಂಗಾರು ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ಹಿಡಿದಿದ್ದಾಯ್ತು, ಆ ಖರ್ಚು ಯಾರೂ ಕೊಡ್ಲಿಲ್ಲ.

ಡೀಲರೇ ಮುಂಚೆ "ಇದು ಡೆಮೊ ಪೀಸು" ಅಂತ ಹೇಳಿದ್ರೆ ಬಿಡಬೇಡಿ, ಒಳ್ಳೇ ರೇಟಿಗೆ ಕೇಳಿ. ಬಿಲ್ ಮೇಲೆ ಡೆಮೊ ಅಂತಾನೂ, ಓಡಿರೋ ಗಂಟೆನೂ ಬರೆಸಿ, 50 ಗಂಟೆ ಹತ್ರ ಓಡಿದ್ರೆ ಮೊದಲನೇ ಸರ್ವಿಸ್ ಮಾಡಿಸಿ ಆಯಿಲ್, ಫಿಲ್ಟರ್ ಹೊಸದು ಹಾಕಿಸಿ ಕೊಡಿ ಅನ್ನಿ, ವಾರಂಟಿ ನಿಮ್ಮ ಹೆಸರಲ್ಲಿ ಡೆಲಿವರಿ ದಿನದಿಂದ ಶುರು ಅಂತ ಕಂಪನಿ ಲೆಟರ್‌ಹೆಡ್ಡಲ್ಲಿ ತಕ್ಕೊಳ್ಳಿ, ಡೀಲರ್ ಬಾಯಿಮಾತಲ್ಲಿ ಬೇಡ.