ಸೇಶೆಲ್ಸ್‌ನಲ್ಲಿ ಬೋನ್‌ಫಿಶ್: ಗೆಳೆಯರ ಗುಂಪು ಫ್ಲೈ ರಾಡ್ ಹಿಡಿದು ಹೊರಡುವ ಮುನ್ನ

ಸೇಶೆಲ್ಸ್‌ನ ಅಲ್ಫಾನ್ಸ್ ದ್ವೀಪಕ್ಕೆ ಬೋನ್‌ಫಿಶ್ (ತೆಳು ನೀರಿನ ಮರಳು ಹಾಸಿನಲ್ಲಿ ಮೇಯುವ, ಬೆಳ್ಳಿ ಮೈಯ ಚುರುಕು ಮೀನು) ಹಿಡಿಯಲು ಫ್ಲೈ (ಪುಕ್ಕ, ದಾರ ಸುತ್ತಿದ ಹುಸಿ ಎರೆಯ ಗಾಳ) ಹೊತ್ತು ಹೋಗೋಣವೆಂದು ಗೆಳೆಯರು ಮಾತಾಡಿಕೊಂಡರೆ ಮೊದಲು ಇತ್ಯರ್ಥವಾಗಬೇಕಾದದ್ದು ತಲೆಲೆಕ್ಕ. ಅಲ್ಲಿ ಒಂದು ದೋಣಿಗೆ ಒಬ್ಬ ಗೈಡ್, ಗಾಳ ಹಾಕುವವರು ಇಬ್ಬರು. ನಾಲ್ವರೋ ಆರು ಮಂದಿಯೋ ಆದರೆ ಸರಿಹೋಗುತ್ತದೆ. ಐವರಾದರೆ ಒಬ್ಬರಿಗೆ ಅಪರಿಚಿತರ ಜೊತೆ ದೋಣಿ, ಇಲ್ಲವೇ ಒಂಟಿ ದೋಣಿಯ ಹೆಚ್ಚುವರಿ ಖರ್ಚು. ಅದನ್ನು ಯಾರು ಹೊರಬೇಕೆಂಬ ಮಾತು ಟಿಕೆಟ್ ತೆಗೆಯುವ ಮೊದಲೇ ಆಗಿಬಿಡಲಿ.

ವಿಮಾನ ಇಳಿಯುವುದು ಮಾಹೆಯಲ್ಲಿ (ಕಣ್ಣೂರಿನ ಪಕ್ಕದ ಮಾಹೆ ಅಲ್ಲ). ಅಲ್ಲಿಂದ ಸಣ್ಣ ವಿಮಾನದಲ್ಲಿ ನೈರುತ್ಯಕ್ಕೆ ಸುಮಾರು 400 ಕಿ.ಮೀ., ಒಂದು ಗಂಟೆಯ ಹಾರಾಟ. ಸಣ್ಣ ವಿಮಾನದಲ್ಲಿ ಲಗೇಜಿನ ತೂಕ ಬಿಗಿ. ತಲೆಗೆ 15 ಕೆ.ಜಿ. ಒಳಗೇ ಪ್ಯಾಕ್ ಮಾಡಿ, ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಡಫಲ್ ಬ್ಯಾಗ್ ಒಯ್ಯಿರಿ. ಗಾಳ, ಇಕ್ಕುಳಗಳನ್ನು ಕೈಚೀಲದಲ್ಲಿಟ್ಟರೆ ಭದ್ರತಾ ತಪಾಸಣೆಯಲ್ಲಿ ಹೋದವೆಂದೇ ತಿಳಿಯಿರಿ. ಅವು ಚೆಕ್-ಇನ್ ಬ್ಯಾಗಿಗೆ ಸೇರಬೇಕು.

ಅಕ್ಟೋಬರ್‌ನಿಂದ ಮೇ ತನಕ ಸಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ ಜೋರು. ತಿಂಗಳು ಗೊತ್ತಾದ ಮೇಲೆ ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವಿಳಿತ ದೊಡ್ಡದು: ಮರಳು ಹಾಸು ಪೂರ್ತಿ ಬರಿದಾಗಿ, ಆಮೇಲೆ ನೀರು ನುಗ್ಗುತ್ತದೆ. ಜೈಂಟ್ ಟ್ರೆವಲಿ ಎಂಬ ದೊಡ್ಡ ಬೇಟೆಗಾರ ಮೀನು, ಚಿಕ್ಕದಾಗಿ ಜೀಟಿ, ಬೇಕೆನ್ನುವವರಿಗೆ ಅದು ಹಬ್ಬ. ಅಷ್ಟಮಿಯ ಸುತ್ತಮುತ್ತ ನೀರಿನ ಏರಿಳಿತ ಕಡಿಮೆ, ಮೊಣಕಾಲುದ್ದದ ನೀರಲ್ಲಿ ಹೆಚ್ಚು ಹೊತ್ತು ನಡೆಯಬಹುದು. ಮೊದಲ ಸಲ ಬೋನ್‌ಫಿಶ್‌ಗೆ ಹೋಗುವವರಿಗೆ ಅಷ್ಟಮಿಯ ವಾರವೇ ವಾಸಿ.

ಮೀನು ಹಿಡಿಯುವ ಜಾಗ ಅಲ್ಫಾನ್ಸ್ ಅಲ್ಲ, ಪಕ್ಕದ ಸೇಂಟ್ ಫ್ರಾಂಸ್ವಾ ಹವಳ ದ್ವೀಪ. ನಡುವೆ ಆಳದ ಕಾಲುವೆಯೊಂದಿದೆ, ಹೆಸರು 'ಕನಾಲ್ ಲಾ ಮೋರ್', ಸಾವಿನ ಕಾಲುವೆ. ಸಮುದ್ರ ಹೊಟ್ಟೆಗೆ ಆಗದವರು ದಾಟುವ ಅರ್ಧ ಗಂಟೆ ಮೊದಲೇ ವಾಂತಿ ತಡೆಯುವ ಮಾತ್ರೆ ನುಂಗಲಿ.

ಬೋನ್‌ಫಿಶ್‌ಗೆ 9 ಅಡಿಯ 8-ವೇಟ್ ರಾಡ್ ಸಾಕು ('ವೇಟ್' ಎಂದರೆ ರಾಡಿಗೆ ಹೊಂದುವ ಲೈನಿನ ತೂಕದ ಅಂಕಿ; ಅಂಕಿ ಏರಿದಷ್ಟೂ ರಾಡ್ ಗಟ್ಟಿ). ಟ್ರಿಗರ್‌ಫಿಶ್‌ಗೆ 9-ವೇಟ್, ಜೀಟಿಗೆ 12-ವೇಟ್. ಮೂರನ್ನೂ ಪ್ರತಿಯೊಬ್ಬರೂ ಹೊರಬೇಕಾಗಿಲ್ಲ. 8-ವೇಟ್ ತಲೆಗೊಂದು, 12-ವೇಟ್ ದೋಣಿಗೊಂದು ಇದ್ದರೆ ಆಯಿತು. ರೀಲ್‌ಗೆ ಉಪ್ಪುನೀರು ತಡೆಯುವ ಸೀಲ್ಡ್ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಓಡುವುದನ್ನು ತಡೆಹಿಡಿಯುವ ಬ್ರೇಕ್) ಇರಲಿ, 8-ವೇಟ್ ರೀಲ್‌ನಲ್ಲಿ ಲೈನಿನ ಹಿಂದೆ ಸುತ್ತುವ ಮೀಸಲು ದಾರ, ಅಂದರೆ 20 ಪೌಂಡಿನ ಬ್ಯಾಕಿಂಗ್, 180 ಮೀಟರ್ ಇರಲಿ. ಲೈನ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಹಿಮಾಚಲದ ತೀರ್ಥನ್ ಕಣಿವೆಯ ಟ್ರೌಟ್‌ಗೆ ಬಳಸಿದ ತಣ್ಣೀರಿನ ಲೈನ್ ಸಮಭಾಜಕದ ಬಿಸಿಲಲ್ಲಿ ಬೆಂದ ಶಾವಿಗೆಯಾಗುತ್ತದೆ, ಉಂಗುರಗಳಲ್ಲಿ ಅಂಟಿಕೊಳ್ಳುತ್ತದೆ, ದೂರ ಹೋಗುವುದಿಲ್ಲ. 'ಟ್ರಾಪಿಕಲ್' ಎಂದು ಬರೆದದ್ದನ್ನೇ ಕೊಳ್ಳಿ. ಲೈನಿಗೂ ಫ್ಲೈಗೂ ನಡುವಿನ ಸಣ್ಣ ಎಳೆ, ಅಂದರೆ ಲೀಡರ್, 9ರಿಂದ 12 ಅಡಿ, ತುದಿಗೆ 16 ಪೌಂಡಿನ ಫ್ಲೂರೋಕಾರ್ಬನ್ ಎಳೆ. ಜೀಟಿಗಾದರೆ 100 ಪೌಂಡ್ ಮೀರಿದ ಒಂದೇ ದಪ್ಪ ಎಳೆ, ಏಳೆಂಟು ಅಡಿ. ಫ್ಲೈಯನ್ನು ಜಾರದ ಕುಣಿಕೆ ಗಂಟಿನಿಂದ ಕಟ್ಟಿ, ಆಗ ನೀರಲ್ಲಿ ಸಲೀಸಾಗಿ ಆಡುತ್ತದೆ. ಬಿಗಿಯುವ ಮುನ್ನ ಗಂಟಿಗೆ ಉಗುಳು ಹಚ್ಚದಿದ್ದರೆ ಉಜ್ಜಿದ ಬಿಸಿಗೆ ಎಳೆ ಸೊರಗಿ, ಮೀನು ಎಳೆದಾಗ ಅಲ್ಲೇ ತುಂಡಾಗುತ್ತದೆ.

ಫ್ಲೈಗಳಲ್ಲಿ ಕ್ರೇಜಿ ಚಾರ್ಲಿ, ಗಾಚಾ, ಸಣ್ಣ ಕ್ಲೌಸರ್: 4, 6, 8ನೇ ಸೈಜಿನಲ್ಲಿ ತಲೆಗೆ ಎರಡು ಡಜನ್. ಬಣ್ಣಕ್ಕಿಂತ ತೂಕ ಮುಖ್ಯ. ಪಾದ ಮುಳುಗುವಷ್ಟು ನೀರಿದ್ದರೆ ಹಗುರ ಮಣಿಕಣ್ಣಿನದು, ತೊಡೆಮಟ್ಟಕ್ಕೆ ಸೀಸದ ಕಣ್ಣಿನದು. ಭಾರದ್ದು ತೆಳು ನೀರಲ್ಲಿ 'ಪ್ಲಕ್' ಎಂದು ಬಿದ್ದರೆ ಇಡೀ ಹಿಂಡು ಓಟ ಕೀಳುತ್ತದೆ. ಎಲ್ಲ ಗಾಳಗಳ ಮೊನೆಯ ಹಿಂದಿನ ಮುಳ್ಳನ್ನೂ ಇಕ್ಕುಳದಿಂದ ಮನೆಯಲ್ಲೇ ಒತ್ತಿ ಚಪ್ಪಟೆ ಮಾಡಿಕೊಂಡು ಹೋಗಿ. ಅಲ್ಲಿ ಮುಳ್ಳಿಲ್ಲದ ಗಾಳವೇ ನಿಯಮ, ಗೆಳೆಯನ ಕಿವಿಗೆ ಚುಚ್ಚಿಕೊಂಡಾಗಲೂ ಅದೇ ಅನುಕೂಲ.

ಹೊರಡಲು ಎರಡು ತಿಂಗಳಿರುವಾಗ ಅಭ್ಯಾಸ ಶುರುವಾಗಲಿ. ಯಾವುದಾದರೂ ಶಾಲೆಯ ಮೈದಾನದಲ್ಲಿ 50 ಅಡಿ ದೂರಕ್ಕೆ ಊಟದ ತಟ್ಟೆ ಇಟ್ಟು, ಎದುರುಗಾಳಿಯಲ್ಲಿ, ಎರಡು ಸಲಕ್ಕಿಂತ ಹೆಚ್ಚು ಬೀಸದೆ ಅದರ ಪಕ್ಕ ಬೀಳಿಸಬೇಕು. ರಾಡ್ ಬೀಸುವಾಗ ಎಡಗೈಯಿಂದ ಲೈನನ್ನು ಹಿಂದೊಮ್ಮೆ ಮುಂದೊಮ್ಮೆ ಜಗ್ಗುವ 'ಡಬಲ್ ಹಾಲ್' ಬಾರದವರಿಗೆ ಆ ಗಾಳಿಯಲ್ಲಿ ಉಳಿಗಾಲವಿಲ್ಲ. ಜೊತೆಗೇ ಗಡಿಯಾರದ ಭಾಷೆ ರೂಢಿಸಿಕೊಳ್ಳಿ: ದೋಣಿಯ ಮೂತಿ 12 ಗಂಟೆ, ಎಡಗೈ ನೇರಕ್ಕೆ 9, ಬಲಕ್ಕೆ 3. ಗೆಳೆಯ ಹಿಂದೆ ನಿಂತು "ಹತ್ತು ಗಂಟೆ, ನಲವತ್ತಡಿ" ಎಂದೊಡನೆ ರಾಡ್ ಆ ಕಡೆ ತಿರುಗಬೇಕು. ಗೈಡ್ ಕೂಗುವುದು ಹೀಗೆಯೇ.

ಮೀನು ಕಾಣುವುದು ಅರ್ಧ ಕೆಲಸ. ತಾಮ್ರ ಬಣ್ಣದ ಪೋಲರಾಯ್ಡ್ ಕನ್ನಡಕ ಹಾಕಿ, ಮೀನನ್ನಲ್ಲ, ಮರಳ ಮೇಲೆ ಜಾರುವ ನೆರಳನ್ನು ಹುಡುಕಿ. ಬೋನ್‌ಫಿಶ್‌ನ ಮೈ ಕನ್ನಡಿ, ನೆಲದ ಬಣ್ಣವನ್ನೇ ತೋರಿಸುತ್ತದೆ. ನೆರಳನ್ನು ಮಾತ್ರ ಅಡಗಿಸಲಾರದು.

ಕಂಡ ಮೀನಿನ ದಾರಿಯಲ್ಲಿ ಐದಾರು ಅಡಿ ಮುಂದೆ ಫ್ಲೈ ಬೀಳಲಿ, ತಳಕ್ಕಿಳಿಯಲಿ. ಮೀನು ಸಮೀಪಿಸಿದಾಗ ಒಂದು ಗೇಣು ಲೈನ್ ನಿಧಾನ ಎಳೆಯಿರಿ. ಮೀನು ಚುರುಕಾಗಿ ಹಿಂಬಾಲಿಸಿ, ತಲೆ ತಗ್ಗಿಸಿ, ಬಾಲ ಎತ್ತಿತೆಂದರೆ ಫ್ಲೈ ಬಾಯಲ್ಲಿದೆ. ಟ್ರೌಟ್ ಹಿಡಿದು ಕಲಿತವರು ಕೆಡುವುದು ಈ ಗಳಿಗೆಯಲ್ಲೇ. ಕೈ ತಾನಾಗಿ ರಾಡನ್ನು ಮೇಲೆತ್ತುತ್ತದೆ. ಬಾಗುವ ರಾಡ್ ಜಗ್ಗಿದ ಬಲವನ್ನೆಲ್ಲ ನುಂಗುತ್ತದೆ, ಫ್ಲೈ ಮಾತ್ರ ಬಾಯಿಂದ ಹಾರಿ ಮೂರಡಿ ಆಚೆ ಬೀಳುತ್ತದೆ. ರಾಡಿನ ತುದಿ ನೀರಿಗೆ ತಾಗಿಕೊಂಡೇ ಮೀನಿನತ್ತ ನೇರ ಇರಲಿ. ಎಡಗೈಯಿಂದ ಲೈನನ್ನು ಸೊಂಟದಾಚೆಗೆ ಉದ್ದಕ್ಕೆ ಎಳೆಯುತ್ತಲೇ ಹೋಗಿ, ಗಾಳ ಕಚ್ಚಿ ಭಾರ ಬರುವ ತನಕ. ಭಾರ ಬಾರದಿದ್ದರೂ ನಷ್ಟವಿಲ್ಲ: ಫ್ಲೈ ಒಂದು ಮೊಳ ಜರುಗಿರುತ್ತದೆ ಅಷ್ಟೇ, ಮೀನು ಮತ್ತೆ ನುಗ್ಗಬಹುದು.

ಭಾರ ಬಂದ ಮೇಲೆ ಮೀನನ್ನು ನೋಡಬೇಡಿ, ಕಾಲಬುಡ ನೋಡಿ. ಮೊದಲ ಓಟದಲ್ಲಿ ಸಡಿಲ ಲೈನೆಲ್ಲ ಜಿಗಿದು ರೀಲ್ ಹಿಡಿಕೆಗೋ ಬೂಟಿನ ದಾರಕ್ಕೋ ಸುತ್ತಿಕೊಂಡರೆ ಲೀಡರ್ ಪಟ್ಟೆಂದು ಹೋಗುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವಿನ ಬಳೆಯೊಳಗಿಂದ ಲೈನ್ ಬಿಡುತ್ತಾ, ಎಲ್ಲ ರೀಲ್‌ಗೆ ಸೇರಿದ ಮೇಲೆ ರಾಡ್ ಎತ್ತಿ. ದೋಣಿಯಲ್ಲಿ ಸರದಿ ಕಾಯುವವನು ಈ ಹೊತ್ತಿನಲ್ಲಿ ಫೋಟೋ ತೆಗೆಯದೆ ಲೈನ್ ಮೇಲಿಂದ ಕಾಲು ತೆಗೆಯಲಿ. ಸರದಿಗೆ ಒಂದೇ ನಿಯಮ ಸಾಕು: ಒಂದು ಮೀನು ಅಥವಾ 30 ನಿಮಿಷ, ಯಾವುದು ಮೊದಲೋ ಅದು. ತಪ್ಪಿಸಿಕೊಂಡದ್ದನ್ನೂ ಮೀನೆಂದು ಎಣಿಸಬೇಕೇ ಎಂಬುದನ್ನು ಹಿಂದಿನ ರಾತ್ರಿಯೇ ಬಗೆಹರಿಸಿಕೊಳ್ಳಿ. ಕಾಲ್ನಡಿಗೆಯಲ್ಲಾದರೆ ಅಕ್ಕಪಕ್ಕ 80 ಅಡಿ ಅಂತರದಲ್ಲಿ ನಡೆಯಿರಿ. ಒಬ್ಬರ ಹಿಂದೊಬ್ಬರು ನಡೆದರೆ ಹಿಂದಿನವರ ಮುಖಕ್ಕೆ ಗಾಳ.

ಪಾದ ಎತ್ತಿಡದೆ ಮರಳಲ್ಲಿ ಎಳೆಯುತ್ತಾ ನಡೆದರೆ ಹುದುಗಿದ ತೊರಕೆ ಮೀನು ಸರಿದುಹೋಗುತ್ತದೆ. ಹವಳಕ್ಕೂ ಕಲ್ಲುಮೀನಿನ ವಿಷಮುಳ್ಳಿಗೂ ಗಟ್ಟಿ ಅಟ್ಟೆಯ ಬೂಟೇ ಬೇಕು, ತೆಳು ನಿಯೋಪ್ರೀನ್ ಕಾಲುಚೀಲ ಸಾಲದು. ಡೀಟ್ ಇರುವ ಸೊಳ್ಳೆ ಔಷಧ ಫ್ಲೈ ಲೈನಿನ ಪ್ಲಾಸ್ಟಿಕ್ ಕರಗಿಸುತ್ತದೆ; ಹಚ್ಚಿದರೆ ಅಂಗೈ ತೊಳೆದುಕೊಳ್ಳಿ.

ಮೀನು ಬಿಡುವಾಗ ಕೈ ಒದ್ದೆ ಇರಲಿ, ಮೀನು ನೀರಲ್ಲೇ ಇರಲಿ, ತಾನಾಗಿ ನೆಟ್ಟಗೆ ನಿಲ್ಲುವ ತನಕ ಹಿಡಿದಿರಿ. ವಾಲುವ ಮೀನನ್ನು ಬಿಟ್ಟರೆ ಅದು ಶಾರ್ಕ್‌ನ ತುತ್ತು. ಲೆಮನ್ ಶಾರ್ಕ್ ಸುಳಿಯುತ್ತಿದ್ದರೆ ಆ ಜಾಗವನ್ನೇ ಬಿಟ್ಟು ಮುಂದೆ ಹೋಗಿ.

ಸಂಜೆ ಬಂದೊಡನೆ, ಊಟಕ್ಕೆ ಮೊದಲು, ರೀಲ್‌ನ ಡ್ರ್ಯಾಗ್ ಬಿಗಿದು ಸಿಹಿನೀರು ಮೆಲ್ಲಗೆ ಸುರಿಯಿರಿ. ನಲ್ಲಿಯ ರಭಸಕ್ಕೆ ಹಿಡಿದರೆ ಉಪ್ಪು ಒಳಕ್ಕೇ ಹೋಗುತ್ತದೆ. ಒರೆಸಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿಡಿ, ಬೆಳಿಗ್ಗೆ ಮರೆಯದೆ ಮತ್ತೆ ಬಿಗಿಯಿರಿ. ಬಳಸಿದ ಫ್ಲೈಗಳನ್ನು ಬೇರೆ ಡಬ್ಬಿಯಲ್ಲಿಟ್ಟು ತೊಳೆದು ಒಣಗಿಸಿ. ಒದ್ದೆಯದೊಂದು ಹೊಸದರ ನಡುವೆ ಸೇರಿದರೆ ಮೂರನೇ ದಿನಕ್ಕೆ ಡಬ್ಬಿಯೆಲ್ಲ ತುಕ್ಕು.