ದೊಡ್ಡ ಪೀಕಿನ ಬಾಲದಲ್ಲಿ

ಮಾಲೂರಿನ ಒಂದು ಔಷಧ ಘಟಕದ ಲ್ಯಾಬಿನಲ್ಲಿ ನನ್ನ ಕೆಲಸ. ದಿನಾ ಬಂಗಾರಪೇಟೆಯಿಂದ ರೈಲಲ್ಲಿ ಬರ್ತೀನಿ. ಹೋದ ಡಿಸೆಂಬರಿನಲ್ಲಿ ಕೈಗೆ ಬಂದದ್ದು ಒಂದು ಕೈರಲ್ ಔಷಧ, ಅಂದರೆ ಎಡಗೈ ಬಲಗೈಯಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ರೂಪಗಳಿರುವಂಥದ್ದು. ಎಸ್ ಎಂಬ ರೂಪ (ಐಸೋಮರ್) ಬೇಕು, ಆರ್ ಬೇಡ. ಆರ್ ಶೇಕಡಾ 0.15 ದಾಟುವಂತಿಲ್ಲ. ಎರಡರ ತೂಕ ಒಂದೇ, ಕರಗುವ ಬಿಂದು ಒಂದೇ. ಮಿಶ್ರಣವನ್ನು ಬೇರ್ಪಡಿಸುವ ಕೊಳವೆಗೆ ಕಾಲಂ ಅಂತೀವಿ. ಮಾಮೂಲಿ ಸಿ18 ಕಾಲಂಗೆ ಹಾಕಿದರೆ ಗ್ರಾಫಿನಲ್ಲಿ ಏಳುವ ಗುಡ್ಡ, ಅಂದರೆ ಪೀಕ್, ಕೂಡ ಒಂದೇ.

ಹಾಗಾಗಿ ಕೈರಲ್‌ಪ್ಯಾಕ್ ಎಡಿ-ಎಚ್ ಜೋಡಿಸಿದೆ. ಅನ್ನದ ಗಂಜಿಯಲ್ಲಿರುವ ಅಮೈಲೋಸನ್ನೇ ಕಾರ್ಬಮೇಟ್ ಎಂಬ ರಾಸಾಯನಿಕ ರೂಪಕ್ಕೆ ತಿರುಗಿಸಿ ಸಿಲಿಕಾ ಕಣಗಳಿಗೆ ಲೇಪಿಸಿದ ಕಾಲಂ ಅದು. ಅಮೈಲೋಸಿನ ಸುರುಳಿ ಒಂದೇ ದಿಕ್ಕಿಗೆ ತಿರುಚಿಕೊಂಡಿರುವುದರಿಂದ ಎರಡರಲ್ಲಿ ಒಂದು ಐಸೋಮರ್ ಅಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಜೋಡಿಸುವ ಮೊದಲು ಪಂಪು, ಲೈನು ಎಲ್ಲವನ್ನೂ ಐಸೋಪ್ರೊಪನಾಲ್‌ನಿಂದ ತೊಳೆದೆ. ಹಿಂದೊಮ್ಮೆ ಲೈನಿನಲ್ಲಿ ಉಳಿದಿದ್ದ ಟಿಎಚ್‌ಎಫ್ ಎಂಬ ದ್ರಾವಕ ಒಳಗೆ ಹೋಗಿ ಲೇಪನ ಕರಗಿ, ದುಬಾರಿ ಕಾಲಂ ಒಂದು ನನ್ನ ಕೈಯಲ್ಲೇ ಹಾಳಾಗಿತ್ತು. ಆ ನೋವು ಇನ್ನೂ ಹೋಗಿಲ್ಲ.

ಸ್ಯಾಂಪಲನ್ನು ಕಾಲಂ ಮೂಲಕ ಸಾಗಿಸುವ ದ್ರಾವಕದಲ್ಲಿ ಹೆಕ್ಸೇನ್ 90 ಪಾಲು, ಐಸೋಪ್ರೊಪನಾಲ್ 10 ಪಾಲು. ಔಷಧ ಬೇಸಿಕ್ (ಕ್ಷಾರ) ಗುಣದ್ದಾದ್ದರಿಂದ ಶೇಕಡಾ 0.1 ಡೈಈಥೈಲ್ ಅಮೈನ್. ಅದಿಲ್ಲದಿದ್ದರೆ ಪೀಕ್ ಎಳೆದುಕೊಂಡು ಹೋಗುತ್ತದೆ. ಎಸ್, ಆರ್ ಎರಡೂ ಬೆರೆತ ರೇಸಿಮಿಕ್ ಸ್ಯಾಂಪಲ್‌ನಲ್ಲಿ ಎರಡು ಪೀಕುಗಳೂ ಚೆನ್ನಾಗಿ ಬೇರೆಯಾದವು. ಬ್ಯಾಚಿನಲ್ಲಿ ಆರ್ 0.09. ಎಲ್ಲರಿಗೂ ಖುಷಿ.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಎಸ್ ಮೊದಲು ಬಂದು, ಅದರ ಬಾಲದ ಮೇಲೆ ಆರ್ ಕೂತಿತ್ತು. ರೇಸಿಮಿಕ್‌ನಲ್ಲಿ ಎರಡೂ ಸಮ, ಅದಕ್ಕೇ ಈ ತೊಂದರೆ ಅಲ್ಲಿ ಕಾಣುವುದಿಲ್ಲ. ಬ್ಯಾಚಿನ ಸ್ಯಾಂಪಲ್‌ಗೆ 0.15ರಷ್ಟು ಆರ್ ಬೆರೆಸಿ ಹಾಕಿ ನೋಡಿದೆ. ಬೆರೆಸಿದ್ದರಲ್ಲಿ ಅರ್ಧದಷ್ಟೇ ಲೆಕ್ಕಕ್ಕೆ ಸಿಕ್ಕಿತು. ಉಳಿದದ್ದನ್ನು ದೊಡ್ಡ ಪೀಕಿನ ಬಾಲ ನುಂಗಿತ್ತು.

ಐಸೋಪ್ರೊಪನಾಲ್ ತೆಗೆದು ಎಥನಾಲ್ ಹಾಕಿದೆ. ಆಲ್ಕೋಹಾಲ್ ಬದಲಾದರೆ ಕೆಲವೊಮ್ಮೆ ಪೀಕುಗಳ ಸರದಿಯೇ ತಿರುಗುತ್ತದೆ, ಇಲ್ಲಿ ತಿರುಗಿತು. ಅಂದಾಜಿನ ಮೇಲೆ ನಂಬಲಿಲ್ಲ, ಶುದ್ಧ ಆರ್ ಒಂದನ್ನೇ ಹಾಕಿ ಖಚಿತ ಮಾಡಿಕೊಂಡೆ. ಫ್ಲೋ ನಿಮಿಷಕ್ಕೆ 1ರಿಂದ 0.7 ಮಿ.ಲೀ.ಗೆ ಇಳಿಸಿದೆ. ಆರ್ ಈಗ ಮುಂದೆ, ಸಪಾಟು ಬೇಸ್‌ಲೈನಿನ ಮೇಲೆ ಒಂಟಿಯಾಗಿ ನಿಂತಿತ್ತು, ಸಾಸಿವೆಯಷ್ಟು. ಬೆರೆಸಿದ್ದು ಹೆಚ್ಚೂಕಡಿಮೆ ಪೂರ್ತಿ ವಾಪಸ್ ಸಿಕ್ಕಿತು.

ಅದೇ ಬ್ಯಾಚನ್ನು ಮತ್ತೆ ಹಾಕಿದೆ. 0.19. ಇನ್ನೊಂದು ವೈಯಲ್ ತಯಾರಿಸಿ ಹಾಕಿದರೂ 0.19.

ಪ್ರಿಂಟ್ ತಗೊಂಡು ಮೇಡಂ ಟೇಬಲ್ ಮೇಲಿಟ್ಟೆ. ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದು ಮಾತೂ ಆಡದೆ ಪ್ರೊಡಕ್ಷನ್‌ಗೆ ಫೋನ್ ಮಾಡಿ, "ಆ ಬ್ಯಾಚ್ ಹೊರಗೆ ಕಳಿಸಬೇಡಿ" ಅಂದರು.