ಏಳು ದಾಖಲೆ, ಒಂದೇ ಹೆಸರು: ಬುಡಕಟ್ಟು ಸಂಶೋಧಕರು ಕೇಂದ್ರದ ಫೆಲೋಶಿಪ್ ಪಡೆಯುವುದು ಹೇಗೆ?

ಎರಡು ವರ್ಷದ ಹಿಂದೆ ನಮ್ಮ ವಿಭಾಗಕ್ಕೆ ಸೋಲಿಗರ ಹುಡುಗನೊಬ್ಬ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಸುತ್ತಿಕೊಂಡು ಬಂದಿದ್ದ. ಎಂ.ಎ.ಯಲ್ಲಿ ಒಳ್ಳೆಯ ಅಂಕಗಳಿದ್ದವು, ಪಿಎಚ್‌.ಡಿ. ನೋಂದಣಿಯೂ ಮುಗಿದಿತ್ತು. ಆದರೂ ಫೆಲೋಶಿಪ್ ಅರ್ಜಿ ವಾಪಸಾಗಿತ್ತು. ಚೀಲ ಬಿಚ್ಚಿ ನೋಡಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಹದೇವ ಎಂ.’, ಆಧಾರ್‌ನಲ್ಲಿ ‘ಮಾದೇವ’, ಜಾತಿ ಪ್ರಮಾಣಪತ್ರದಲ್ಲಿ ‘ಮಹದೇವ ಬಿನ್ ಮಾದಯ್ಯ’, ಪಾಸ್‌ಬುಕ್ಕಿನಲ್ಲಿ ‘ಎಂ. ಮಹಾದೇವ’. ಹಾಡಿಯಲ್ಲಿ ಕೇಳಿದರೆ ನಾಲ್ವರೂ ಅವನೇ. ದೆಹಲಿಯ ಕಂಪ್ಯೂಟರಿಗೆ ಮಾತ್ರ ಅವರು ನಾಲ್ಕು ಜನ.

ಆಮೇಲೂ ಇಂಥ ಚೀಲಗಳನ್ನು ಬಹಳಷ್ಟು ಬಿಚ್ಚಿದ್ದೇನೆ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಯೋಜನೆಯ ಪರಿಚಯ ಚುಟುಕಾಗಿ. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಪರಿಶಿಷ್ಟ ಪಂಗಡಗಳ ಪಿಎಚ್‌.ಡಿ. ವಿದ್ಯಾರ್ಥಿಗಳಿಗಾಗಿ ಪ್ರತಿವರ್ಷ 750 ಹೊಸ ಫೆಲೋಶಿಪ್‌ಗಳನ್ನು ಕೊಡುತ್ತದೆ. ಹಿಂದೆ ಇದಕ್ಕೆ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಎಂಬ ಹೆಸರಿತ್ತು, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಡೆಸುತ್ತಿತ್ತು. ಈಗ ಸಚಿವಾಲಯವೇ ನೇರವಾಗಿ ತನ್ನ ಪೋರ್ಟಲ್‌ನಲ್ಲಿ ಅರ್ಜಿ ಕರೆಯುತ್ತದೆ. ‘ಯುಜಿಸಿಗೆ ಒಂದು ಪತ್ರ ಹಾಕಪ್ಪ’ ಎನ್ನುವ ಹಿರಿಯ ಪ್ರಾಧ್ಯಾಪಕರಿಗೆ ನಮಸ್ಕಾರ ಹೇಳಿ, ಪತ್ರ ಹಾಕಬೇಡಿ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿರಬೇಕೆಂಬ ಷರತ್ತಿಲ್ಲ. ಸ್ನಾತಕೋತ್ತರ ಪದವಿಯ ಅಂಕಗಳೇ ಆಯ್ಕೆಗೆ ಆಧಾರ. ಹೆಚ್ಚೆಂದರೆ ಐದು ವರ್ಷದ ನೆರವು: ಮೊದಲೆರಡು ವರ್ಷ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್), ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್). ಮೊತ್ತ ಯುಜಿಸಿ ದರದ ಜಾಡಿನಲ್ಲೇ ಸಾಗುತ್ತದೆ. ಯುಜಿಸಿ 2023ರ ಜನವರಿ 1ರಿಂದ ಅನ್ವಯವಾಗುವಂತೆ ಜೆಆರ್‌ಎಫ್ ಅನ್ನು ತಿಂಗಳಿಗೆ 31,000ದಿಂದ 37,000 ರೂಪಾಯಿಗೂ, ಎಸ್‌ಆರ್‌ಎಫ್ ಅನ್ನು 35,000ದಿಂದ 42,000 ರೂಪಾಯಿಗೂ ಏರಿಸಿತು.

ಈಗಾಗಲೇ ಕಾಯಂ ಕೆಲಸದಲ್ಲಿರುವ ಅಧ್ಯಾಪಕರಿಗೆ ಇದು ಸಿಗುವುದಿಲ್ಲ. ಅವರಲ್ಲಿ ವಿಜ್ಞಾನ, ಎಂಜಿನಿಯರಿಂಗ್ ವಿಷಯದವರು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಪರಿಶಿಷ್ಟ ಜಾತಿ, ಪಂಗಡಗಳ ಸಂಶೋಧಕರಿಗೆಂದೇ ಇಟ್ಟಿರುವ ಅನುದಾನವನ್ನು ನೋಡಬೇಕು. ಹೊರದೇಶಕ್ಕೆ ಹೋಗುವವರಿಗೆ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಇಡೀ ದೇಶಕ್ಕೆ ವರ್ಷಕ್ಕೆ 20 ಮಾತ್ರ.

ಮೊದಲ ಹೆಜ್ಜೆ: ಪಿಎಚ್‌.ಡಿ. ನೋಂದಣಿ

ಪೂರ್ಣಾವಧಿ ನೋಂದಣಿಯೇ ಆಗಿರಬೇಕು. ಅರೆಕಾಲಿಕವಾಗಿ ಸೇರಿ ಆಮೇಲೆ ಬದಲಿಸಿಕೊಂಡರಾಯಿತು ಎಂದು ಲೆಕ್ಕ ಹಾಕಬೇಡಿ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಬುಡಕಟ್ಟಿನ ವಿದ್ಯಾರ್ಥಿ ಬಂದ ಕೂಡಲೇ ‘ನಿಮ್ಮ ಜನಾಂಗದ ಸಮಗ್ರ ಅಧ್ಯಯನ ಮಾಡು’ ಎನ್ನುವ ಮಾರ್ಗದರ್ಶಕರಿದ್ದಾರೆ. ಒಪ್ಪಿಕೊಳ್ಳಲೇಬೇಕೆಂದಿಲ್ಲ. ಜೇನುಕುರುಬರ ಹುಡುಗಿ ಬೀಜಗಣಿತದಲ್ಲಿ ಸಂಶೋಧನೆ ಮಾಡಿದರೂ ಇದೇ ಹಣ, ಇಷ್ಟೇ ಹಣ. ತನ್ನವರ ಬಗ್ಗೆಯೇ ಬರೆಯುವ ಆಸೆಯಿದ್ದರೆ ಬರೆಯಲಿ, ಆದರೆ ಶೀರ್ಷಿಕೆಯಲ್ಲಿ ‘ಸಮಗ್ರ’ ಎಂಬ ಪದ ಬೇಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕ ಮೇಲೆ ಕಿರು ಅರಣ್ಯ ಉತ್ಪನ್ನದ ಸಂಗ್ರಹ ಹೇಗೆ ಬದಲಾಯಿತು ಎಂದು ಕೇಳುವುದು ಪ್ರಶ್ನೆ. ‘ಸೋಲಿಗರ ಸಂಸ್ಕೃತಿ: ಒಂದು ಸಮಗ್ರ ಅಧ್ಯಯನ’ ಎನ್ನುವುದು ಗೋಣಿಚೀಲ.

ಶೀರ್ಷಿಕೆ ಒಮ್ಮೆ ನಿಂತ ಮೇಲೆ ನೋಂದಣಿ ಪತ್ರದಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಅರ್ಜಿಯಲ್ಲೂ ಬರಲಿ.

ಎರಡನೆಯ ಹೆಜ್ಜೆ: ಹೆಸರು

ನಾನು ಕಂಡಂತೆ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಅರ್ಜಿ ಕರೆಯುವುದಕ್ಕೆ ಆರು ತಿಂಗಳು ಮೊದಲೇ ಶುರು ಮಾಡಿ.

ಬಿಳಿ ಹಾಳೆಯೊಂದನ್ನು ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎಂ.ಎ. ಅಥವಾ ಎಂ.ಎಸ್ಸಿ. ಅಂಕಪಟ್ಟಿ, ಆಧಾರ್, ಪಾನ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್, ಪಿಎಚ್‌.ಡಿ. ನೋಂದಣಿ ಪತ್ರ, ಈ ಏಳರಲ್ಲೂ ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಹೇಗಿವೆಯೋ ಹಾಗೇ ಒಂದರ ಕೆಳಗೊಂದು ಬರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ, ಏಕೆಂದರೆ ಹೋಲಿಕೆ ನಡೆಯುವುದು ಅದರಲ್ಲೇ. ಕನ್ನಡದಲ್ಲಿ ‘ಕೇತಮ್ಮ’ ಎಲ್ಲ ಕಡೆಯೂ ಕೇತಮ್ಮನೇ. ಇಂಗ್ಲಿಷಿನಲ್ಲಿ ‘ತ’ಕಾರಕ್ಕೆ ಒಬ್ಬ ಗುಮಾಸ್ತ ಒಂದಕ್ಷರ ಹಾಕಿದರೆ ಇನ್ನೊಬ್ಬ ಎರಡು ಹಾಕಿರುತ್ತಾನೆ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಚುಕ್ಕೆ ಇದೆಯೋ ಇಲ್ಲವೋ, ಅದನ್ನೂ ಗುರುತು ಮಾಡಿಕೊಳ್ಳಿ. ಹಾಳೆ ತುಂಬಿದ ಮೇಲೆ ನಿಮಗೇ ಗಾಬರಿಯಾಗುತ್ತದೆ. ಆಗಲಿ.

ಮುಂದಿನ ಪ್ರಶ್ನೆ: ಯಾವುದನ್ನು ಮೂಲವೆಂದು ಇಟ್ಟುಕೊಳ್ಳಬೇಕು? ಆಧಾರ್ ಎನ್ನುತ್ತಾರೆ ಎಲ್ಲರೂ. ನಾನು ಎಸ್ಸೆಸ್ಸೆಲ್ಸಿ ಎನ್ನುತ್ತೇನೆ. ಅಂಕಪಟ್ಟಿಯ ತಿದ್ದುಪಡಿ ಓದಿದ ಶಾಲೆಯ ಮುಖ್ಯಶಿಕ್ಷಕರಿಂದ ಹೊರಟು ಪರೀಕ್ಷಾ ಮಂಡಳಿಯವರೆಗೆ ಹೋಗಿ ಬರಬೇಕು; ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿರುತ್ತದೆ. ಆಧಾರ್ ತಿದ್ದುವುದು ಅದಕ್ಕಿಂತ ಸಲೀಸು. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಿಸಿಕೊಳ್ಳಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ಯೋಚಿಸಿ, ಹಾಳೆಯಲ್ಲಿ ಬರೆದುಕೊಂಡು, ಆಧಾರ್ ಕೇಂದ್ರದ ನೌಕರ ಟೈಪ್ ಮಾಡುವಾಗ ಪರದೆಯನ್ನು ಇಣುಕಿ ನೋಡಿ. ಸಂಕೋಚ ಬೇಡ.

ಆಧಾರ್ ಸರಿಯಾದ ಮೇಲೆ ಪಾನ್, ಆಮೇಲೆ ಬ್ಯಾಂಕು. ಈ ಕ್ರಮ ತಪ್ಪಿದರೆ ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತದೆ, ಏಕೆಂದರೆ ಬ್ಯಾಂಕಿನವರು ಆಧಾರ್ ಕೇಳುತ್ತಾರೆ. ಡಿಜಿಲಾಕರ್ ಕೂಡ ಹೆಸರು ಹೊಂದದಿದ್ದರೆ ಅಂಕಪಟ್ಟಿಯನ್ನು ಎಳೆದುಕೊಳ್ಳುವುದಿಲ್ಲ.

ಅಡ್ಡದಾರಿಯೊಂದಿದೆ: ‘ಈ ಇಬ್ಬರೂ ಒಬ್ಬರೇ’ ಎಂದು ಛಾಪಾಕಾಗದದ ಮೇಲೆ ನೋಟರಿಯಿಂದ ಅಫಿಡವಿಟ್ ಮಾಡಿಸುವುದು. ತಾಲ್ಲೂಕು ಕಚೇರಿಯ ಎದುರು ಅರ್ಧ ಗಂಟೆಯಲ್ಲಿ ಸಿಗುತ್ತದೆ. ಒಂದು ಇನಿಷಿಯಲ್ ವ್ಯತ್ಯಾಸಕ್ಕೆ ಇದನ್ನು ಜೊತೆಗಿಡಬಹುದು. ನಾಲ್ಕು ಕಡೆ ನಾಲ್ಕು ಹೆಸರಿರುವವರು ಇದನ್ನು ನಂಬಿ ಕೂರಬಾರದು. ಅಫಿಡವಿಟ್ಟನ್ನು ಮನುಷ್ಯ ಓದಿದರೆ ಒಪ್ಪಿಯಾನು. ಯಂತ್ರ ಓದುವುದೇ ಇಲ್ಲ.

ಮೂರನೆಯ ಹೆಜ್ಜೆ: ಜಾತಿ ಪ್ರಮಾಣಪತ್ರ

ನಾಡಕಚೇರಿಯಲ್ಲಿ ಅರ್ಜಿ ಹಾಕಿ, ತಹಶೀಲ್ದಾರರ ಸಹಿಯ, ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಗುರುತಿನ ಸಂಖ್ಯೆ) ಇರುವ ಪ್ರಮಾಣಪತ್ರ ಪಡೆಯಿರಿ. ಜೊತೆಗೆ ಕೇಂದ್ರ ಸರ್ಕಾರದ ನಮೂನೆಯಲ್ಲಿ, ಇಂಗ್ಲಿಷಿನಲ್ಲಿ ಒಂದು ಪ್ರತಿ ಕೇಳಿ. ದೆಹಲಿಯಲ್ಲಿ ಕನ್ನಡ ಓದುವವರು ಸಿಕ್ಕೇ ಸಿಗುತ್ತಾರೆಂಬ ಭರವಸೆ ಬೇಡ.

ಇಲ್ಲೂ ಒಂದು ಹೆಸರಿನ ತೊಡಕಿದೆ, ಈ ಸಲ ನಿಮ್ಮದಲ್ಲ, ಸಮುದಾಯದ್ದು. ಪ್ರಮಾಣಪತ್ರದಲ್ಲಿರುವ ಹೆಸರು ಪರಿಶಿಷ್ಟ ಪಂಗಡಗಳನ್ನು ಗುರುತಿಸುವ ರಾಷ್ಟ್ರಪತಿ ಆದೇಶದ ಪಟ್ಟಿಯಲ್ಲಿ ಕರ್ನಾಟಕಕ್ಕೆ ನಮೂದಾಗಿರುವ ಹೆಸರೇ ಆಗಿರಬೇಕು. ಬೆಟ್ಟಕುರುಬರು ವರ್ಷಗಟ್ಟಲೆ ಇದರಿಂದ ಒದ್ದಾಡಿದರು. ಪಟ್ಟಿಯಲ್ಲಿದ್ದದ್ದು ‘ಕಾಡು ಕುರುಬ’, ಜನ ಹೇಳಿಕೊಳ್ಳುತ್ತಿದ್ದದ್ದು ‘ಬೆಟ್ಟ ಕುರುಬ’. 2022ರ ತಿದ್ದುಪಡಿ ಕಾಯ್ದೆ ಬೆಟ್ಟ ಕುರುಬವನ್ನು ಕಾಡು ಕುರುಬದ ಸಮಾನಪದವೆಂದು ಸೇರಿಸಿತು. ಅದಕ್ಕೆ ಎರಡು ವರ್ಷ ಮೊದಲು ಪರಿವಾರ ಮತ್ತು ತಳವಾರ ಎಂಬ ಹೆಸರುಗಳು ನಾಯಕದ ಸಮಾನಪದಗಳಾಗಿ ಸೇರಿದ್ದವು. ತಿದ್ದುಪಡಿಗೆ ಮುಂಚಿನ ಪ್ರಮಾಣಪತ್ರ ಇಟ್ಟುಕೊಂಡಿರುವವರು ಹೊಸದನ್ನು ಮಾಡಿಸಿಕೊಳ್ಳಿ. ಹಳೆಯದು ನಡೆಯುತ್ತದೆ ಎನ್ನುವ ಸೈಬರ್ ಸೆಂಟರ್‌ನವನು ನಾಳೆ ನಿಮ್ಮ ಜೊತೆ ದೆಹಲಿಗೆ ಬರುವುದಿಲ್ಲ.

ಜೇನುಕುರುಬ ಮತ್ತು ಕೊರಗ ಸಮುದಾಯದವರು ವಿಶೇಷ ದುರ್ಬಲ ಬುಡಕಟ್ಟು ಗುಂಪಿಗೆ ಸೇರುತ್ತಾರೆ. ರಾಜ್ಯದಲ್ಲಿ ಹಾಗೆ ಗುರುತಿಸಿರುವುದು ಈ ಎರಡನ್ನು ಮಾತ್ರ. ಅರ್ಜಿಯಲ್ಲಿ ಆ ಕಾಲಮ್ಮನ್ನು ಬಿಡಬೇಡಿ, ಆಯ್ಕೆಯಲ್ಲಿ ಅದಕ್ಕೆ ಆದ್ಯತೆಯಿದೆ. ಕೊರಗ ವಿದ್ಯಾರ್ಥಿನಿಯೊಬ್ಬಳು ನಾಚಿಕೆಯಿಂದ ಅದನ್ನು ಖಾಲಿ ಬಿಟ್ಟಿದ್ದಳು. ಆ ನಾಚಿಕೆ ಯಾರು ಕಲಿಸಿದ್ದೋ ಗೊತ್ತಿಲ್ಲ, ಅವಳದಂತೂ ಅಲ್ಲ.

ನಾಲ್ಕನೆಯ ಹೆಜ್ಜೆ: ಅರ್ಜಿ ತುಂಬುವುದು

ಇದು ಒಂದು ಸಂಜೆಯ ಕೆಲಸ. ನೀವೇ ಮಾಡಿ.

ಸೈಬರ್ ಸೆಂಟರ್‌ಗೆ ಹೋಗಲೇಬೇಕಾದರೂ ಮೊಬೈಲ್ ಸಂಖ್ಯೆ, ಇ–ಮೇಲ್ ವಿಳಾಸ ನಿಮ್ಮವೇ ಇರಲಿ. ಅಲ್ಲಿಯ ಹುಡುಗರು ಕೆಲಸ ಬೇಗ ಮುಗಿಯಲೆಂದು ತಮ್ಮ ಇ–ಮೇಲ್ ಹಾಕಿಬಿಡುತ್ತಾರೆ. ‘ದಾಖಲೆ ಸರಿಪಡಿಸಿ’ ಎಂಬ ಸಂದೇಶ ಅವರಿಗೆ ಹೋಗುತ್ತದೆ, ಗಡುವು ಮುಗಿದ ಮೇಲೆ ನಿಮಗೆ ಗೊತ್ತಾಗುತ್ತದೆ. ಮೊಬೈಲಿನ ಪುಕ್ಕಟೆ ಸ್ಕ್ಯಾನ್ ಆ್ಯಪ್‌ಗಳೂ ಬೇಡ. ಪುಟದ ಕೆಳಗೆ ತಮ್ಮ ಹೆಸರು ಒತ್ತುತ್ತವೆ, ಕಡತದ ಗಾತ್ರ ಇಳಿಸಲು ಹೋಗಿ ಆರ್‌ಡಿ ಸಂಖ್ಯೆಯನ್ನು ಮಸಿ ಮಾಡುತ್ತವೆ. ಹತ್ತು ರೂಪಾಯಿ ಕೊಟ್ಟು ಅಂಗಡಿಯ ಸ್ಕ್ಯಾನರಿನಲ್ಲೇ ತೆಗೆಸಿ. ‘ಸಂಶೋಧನಾ ಪ್ರಸ್ತಾವನೆ ಸಿದ್ಧಪಡಿಸಿ ಕೊಡಲಾಗುವುದು’ ಎಂಬ ಜಾಹೀರಾತು ಕಂಡರೆ ರಸ್ತೆ ದಾಟಿ ಆ ಕಡೆ ನಡೆಯಿರಿ.

ಐದನೆಯ ಹೆಜ್ಜೆ: ಆಯ್ಕೆಯಾದ ಮೇಲೆ

ಪಟ್ಟಿಯಲ್ಲಿ ಹೆಸರು ಬಂದರೆ ಹಣ ಬಂದಂತಲ್ಲ. ನೀವು ಸಂಶೋಧನೆಯಲ್ಲಿ ತೊಡಗಿದ್ದೀರಿ ಎಂದು ವಿಶ್ವವಿದ್ಯಾಲಯದಲ್ಲಿ ಈ ಫೆಲೋಶಿಪ್ ನೋಡಿಕೊಳ್ಳುವ ನೋಡಲ್ ಅಧಿಕಾರಿ ಆನ್‌ಲೈನ್‌ನಲ್ಲಿ ದೃಢೀಕರಿಸುವವರೆಗೆ ಏನೂ ಚಲಿಸುವುದಿಲ್ಲ. ಹಾಗಾಗಿ ಅವರು ಯಾರು, ಯಾವ ಕೊಠಡಿ, ಯಾವಾಗ ರಜೆ ಹಾಕುತ್ತಾರೆ ಎಂಬುದನ್ನು ಮೊದಲ ವಾರದಲ್ಲೇ ತಿಳಿದುಕೊಳ್ಳಿ. ಸಂಯೋಜಿತ ಕಾಲೇಜಿನ ಸಂಶೋಧನಾ ಕೇಂದ್ರದಲ್ಲಿದ್ದರೆ ಇನ್ನೂ ಎಚ್ಚರ: ಕೇಂದ್ರದವರು ವಿಶ್ವವಿದ್ಯಾಲಯದ ಕೆಲಸ ಎನ್ನುತ್ತಾರೆ, ವಿಶ್ವವಿದ್ಯಾಲಯದವರು ಕೇಂದ್ರದ ಪತ್ರ ಬರಲಿ ಎನ್ನುತ್ತಾರೆ. ಪತ್ರವನ್ನು ನೀವೇ ಕೈಯಲ್ಲಿ ಹಿಡಿದು ಹೋಗಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.

ನೇರ ನಗದು ವರ್ಗಾವಣೆಯ ಹಣ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಬೀಳುತ್ತದೆ, ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬೀಳಬೇಕೆಂದಿಲ್ಲ. ಸಿಮ್ ಕೊಳ್ಳುವಾಗ ಯಾರೋ ತೆರೆಸಿದ ಪೇಮೆಂಟ್ ಬ್ಯಾಂಕ್ ಖಾತೆ ನಿಮಗೆ ಮರೆತಿರಬಹುದು, ವ್ಯವಸ್ಥೆಗೆ ಮರೆತಿರುವುದಿಲ್ಲ. ಬ್ಯಾಂಕಿಗೆ ಹೋಗಿ ಜೋಡಣೆ ಯಾವ ಖಾತೆಗಿದೆ ಎಂದು ಕೇಳಿ.

ಇನ್ನೊಂದು ಕಹಿ ಸತ್ಯ: ಹಣ ಪ್ರತಿ ತಿಂಗಳು ಸಂಬಳದಂತೆ ಬರುವುದಿಲ್ಲ. ತಿಂಗಳುಗಟ್ಟಲೆ ನಿಂತು ಒಮ್ಮೆಲೇ ಬಂದದ್ದಿದೆ. ಮೊದಲ ಕಂತು ಬಂದ ವಾರವೇ ಬೈಕ್ ಕೊಂಡು, ಆಮೇಲೆ ಅದರ ಪೆಟ್ರೋಲಿಗೆ ಸಾಲ ಕೇಳಿದವನು ನನಗೆ ಗೊತ್ತು. ಆರು ತಿಂಗಳ ಊಟ, ಬಾಡಿಗೆಯ ಹಣವನ್ನು ಎತ್ತಿಟ್ಟ ಮೇಲೆ ಉಳಿದ ಮಾತು.

ಹಾಸ್ಟೆಲ್ ಸಿಕ್ಕವರಿಗೆ ಮನೆ ಬಾಡಿಗೆ ಭತ್ಯೆ ಇಲ್ಲ. ಸಾದಿಲ್ವಾರು ವೆಚ್ಚಕ್ಕೆ ಯುಜಿಸಿ ದರದಂತೆ ಮಾನವಿಕ ವಿಷಯಗಳಿಗೆ ಮೊದಲೆರಡು ವರ್ಷ ತಲಾ 10,000, ಆಮೇಲೆ ವರ್ಷಕ್ಕೆ 20,500 ರೂಪಾಯಿ. ವಿಜ್ಞಾನಕ್ಕೆ 12,000 ಮತ್ತು 25,000. ಪುಸ್ತಕ, ಕ್ಷೇತ್ರಕಾರ್ಯದ ಪ್ರಯಾಣ, ಮುದ್ರಣ, ಎಲ್ಲಕ್ಕೂ ರಸೀದಿ ಬೇಕು. ಹಾಡಿಗೆ ಹೋಗುವ ಜೀಪಿನವನು ರಸೀದಿ ಕೊಡುವುದಿಲ್ಲ ಎಂದು ಎಲ್ಲರೂ ಗೊಣಗುತ್ತಾರೆ. ಸಣ್ಣ ರಸೀದಿ ಪುಸ್ತಕವೊಂದನ್ನು ನೀವೇ ಕೊಂಡು ಇಟ್ಟುಕೊಳ್ಳಿ, ದಿನಾಂಕ, ಮೊತ್ತ ಬರೆದು ಅವನ ಸಹಿ ಪಡೆಯಿರಿ. ಹಾಡಿ ಹುಲಿ ಸಂರಕ್ಷಿತ ಪ್ರದೇಶದೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಅದು ನೀವು ಅಲ್ಲೇ ಹುಟ್ಟಿದವರಾದರೂ ಸಂಶೋಧಕರಾಗಿ ಹೋಗುವಾಗ ತಪ್ಪಿದ್ದಲ್ಲ. ವಿಚಿತ್ರ, ಆದರೆ ಹಾಗೇ.

ಎರಡು ವರ್ಷ ತುಂಬಿದಾಗ ಎಸ್‌ಆರ್‌ಎಫ್‌ಗೆ ಏರಲು ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಹೊರಗಿನ ತಜ್ಞರಿರುವ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ದಿನಾಂಕವನ್ನು ನೆನಪಿಸಬೇಕಾದವರು ನೀವು. ಮೂರು ತಿಂಗಳು ಮೊದಲೇ ಪತ್ರ ಕೊಡಿ.

ಫೆಲೋಶಿಪ್ ಇರುವಷ್ಟು ದಿನ ಬೇರೆ ಸಂಬಳ, ಬೇರೆ ಫೆಲೋಶಿಪ್ ಇರಬಾರದು. ಅತಿಥಿ ಉಪನ್ಯಾಸಕರ ಕೆಲಸ ಸಿಕ್ಕಿತು ಎಂದು ಸುಮ್ಮನೆ ಸೇರಿಕೊಂಡು, ಎರಡು ವರ್ಷದ ನಂತರ ಪಡೆದ ಹಣವನ್ನು ಮರಳಿಸಲು ಊರಿನ ಸಂಘದಲ್ಲಿ ಸಾಲ ಮಾಡಿದವರಿದ್ದಾರೆ. ಕೆಲಸ ಸಿಕ್ಕರೆ ಸೇರುವ ದಿನವೇ ನೋಡಲ್ ಅಧಿಕಾರಿಗೆ ಬರೆದು ತಿಳಿಸಿ, ಮುದ್ರೆ ಹಾಕಿಸಿದ ಪ್ರತಿಯನ್ನು ಅದೇ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿಡಿ.